ಕಕ್ಕಡ ಕಳೆದ ಗಾಡಿ

ಮಳೆಗಾಲದುದ್ದಕ್ಕೂ ಮುಚ್ಚಿಟ್ಟಿದ್ದ ಗಾಡಿಯೊಂದನ್ನು ಮತ್ತೆ ರಸ್ತೆಗಿಳಿಸುವ ಕೆಲಸಕ್ಕೆ ಕಳೆದ ಅಕ್ಟೋಬರಿನಲ್ಲಿ ಕೊಡಗಿನ ಕಕ್ಕಬೆಯಲ್ಲಿ ನಾನು ಕೈಹಚ್ಚಿದೆ. ಕೈಹಚ್ಚಿದೆ ಎಂಬ ಮಾತು ತುಸು ಅತಿಶಯೋಕ್ತಿ. ಕೆಲಸ ಮಾಡಿದವರು ನಾಪೋಕ್ಲಿನಿಂದ ಬಂದ ಮೇಸ್ತ್ರಿ. ನಾನು ಎಣ್ಣೆ ಹತ್ತಿದ ಚಿಂದಿಬಟ್ಟೆಯೊಂದನ್ನು ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಕೇಳಿದಾಗ ಸ್ಪ್ಯಾನರು ಕೊಟ್ಟೆ. ಎರಡು ಸಲ ತಪ್ಪು ಸ್ಪ್ಯಾನರನ್ನೇ ಕೊಟ್ಟೆ. ಆದರೂ ಆ ಮೂರು ದಿನಗಳಲ್ಲಿ ಕಂಡುದನ್ನು ಓದುಗರಿಗೆ ಹೇಳದಿರಲು ಮನಸ್ಸು ಬಾರದು. ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿ ತಿಂಗಳುಗಟ್ಟಲೆ ಮರೆಯುವವರು ನಮ್ಮ ನಗರಗಳಲ್ಲಿಯೂ ಕಡಿಮೆಯಿಲ್ಲ.

ಕಕ್ಕಬೆಯನ್ನು ಕಾಣದವರಿಗಾಗಿ ಎರಡು ಮಾತು. ಕೊಡಗಿನ ಅತ್ಯುನ್ನತ ಶಿಖರವಾದ, 1748 ಮೀಟರು ಎತ್ತರದ ತಡಿಯಂಡಮೋಳ್ ಬೆಟ್ಟದ ಮಡಿಲಲ್ಲಿರುವ ಊರು ಇದು. ದೊಡ್ಡವೀರರಾಜೇಂದ್ರ 1792ರ ಸುಮಾರಿನಲ್ಲಿ ಕಟ್ಟಿಸತೊಡಗಿದ ನಾಲ್ಕುನಾಡು ಅರಮನೆ ಆ ಬೆಟ್ಟದ ಬುಡದಲ್ಲಿದೆ. ಪಾಡಿ ಇಗ್ಗುತ್ತಪ್ಪನ ಗುಡಿಯಿರುವುದೂ ಇಲ್ಲಿಯೇ. ಹುತ್ತರಿ ಹಬ್ಬದ ದಿನ, ಗಳಿಗೆ ನಿಶ್ಚಯವಾಗುವುದು ಆ ಸನ್ನಿಧಿಯಲ್ಲಿ. ಒಂದು ಕಾಲಕ್ಕೆ ಜೇನಿಗೆ ಹೆಸರಾಗಿದ್ದ ನೆಲ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ದಕ್ಷಿಣ ಭಾರತದ ತುಡುವೆ ಜೇನಿಗೆ ತಗುಲಿ ಪೆಟ್ಟಿಗೆ ಪೆಟ್ಟಿಗೆಗಳನ್ನೇ ಬರಿದು ಮಾಡಿತು. ಇನ್ನು ಇಲ್ಲಿಯ ಮಳೆ. ಅದನ್ನು ಬಣ್ಣಿಸುವ ಸಾಹಸ ನನಗೆ ಬೇಡ. ಜೂನಿನಲ್ಲಿ ಒಗೆದು ಹರವಿದ ಬಟ್ಟೆ ಒಣಗಬೇಕಾದರೆ ಒಲೆಯ ಮೇಲಿನ ಅಟ್ಟವೇ ಗತಿ ಎಂದರೆ ಸಾಕು.

ಈ ಊರಿನಲ್ಲಿ ನನ್ನ ಹಳೆಯ ಸಹಪಾಠಿಯೊಬ್ಬರಿಗೆ ಸಣ್ಣದೊಂದು ಕಾಫಿ ತೋಟವಿದೆ. ತೋಟದ ಜೀಪಿನ ಹಿಂದೆ ಕಟ್ಟಿಕೊಳ್ಳುವ ಎರಡು ಚಕ್ರದ ಟ್ರೇಲರೂ ಇದೆ. ಎರಡನೆಯ ಮಹಾಯುದ್ಧದಲ್ಲಿ ಜೀಪಿನ ಬೆನ್ನಿಗೇ ಹುಟ್ಟಿದ ಕಾಲು ಟನ್ನಿನ ಟ್ರೇಲರಿನ ವಂಶದ್ದು ಅದು. ಹೊಳೆ ಅಡ್ಡ ಬಂದರೆ ದೋಣಿಯಂತೆ ತೇಲಲಿ ಎಂದು ಆ ಮೂಲಪುರುಷನನ್ನು ರೂಪಿಸಿದ್ದರು. ನಮ್ಮ ಮಿತ್ರರದು ತೇಲುವುದಿಲ್ಲ. ಬಹುಕಾಲ ಗೊಬ್ಬರ, ಕಾಫಿ ಮೂಟೆ ಹೊತ್ತ ಮೇಲೆ, ಆರು ವರ್ಷಗಳ ಹಿಂದೆ ಅದಕ್ಕೆ ಹಲಗೆಯ ಗೋಡೆ, ತಗಡಿನ ಮಾಡು, ಸಣ್ಣ ಕಿಟಕಿ ಬಂದುವು. ಒಳಗೆ ಒಂದು ಮಂಚ, ನೀರಿನ ಪೀಪಾಯಿ, ಒಂದೇ ಬರ್ನರಿನ ಒಲೆ. ಇಷ್ಟಕ್ಕೆಲ್ಲ ಕಾರಣ ಅವರ ತಾಯಿ. ಅವ್ವನಿಗೆ ಈಗ ಎಂಬತ್ತೆರಡು. ಸೊಂಟದ ನೋವು, ಒಂದು ಗಂಟೆಗಿಂತ ಹೆಚ್ಚು ಕುಳಿತಿರಲಾರರು. ಆದರೆ ವರ್ಷಕ್ಕೊಮ್ಮೆ ತಲಕಾವೇರಿಗೆ ಹೋಗಿಬರದೆ ಬಿಡಲಾರರು. ಚಲಿಸುವಾಗ ಅವರು ಜೀಪಿನ ಮುಂದಿನ ಆಸನದಲ್ಲಿ. ಓಡುವ ಟ್ರೇಲರಿನಲ್ಲಿ ಯಾರೂ ಕೂರಬಾರದು. ಅದು ಕಾನೂನಿಗೂ ವಿರುದ್ಧ, ಬುದ್ಧಿಗೂ ವಿರುದ್ಧ. ದಾರಿಯಲ್ಲಿ ಎಲ್ಲಿ ಸೊಂಟ ಹಿಡಿಯಿತೋ ಅಲ್ಲಿ ಗಾಡಿ ನಿಲ್ಲಿಸಿದರೆ, ಅವ್ವ ಇಳಿದು ತಮ್ಮದೇ ಮಂಚದ ಮೇಲೆ ಅರ್ಧ ಗಂಟೆ ಬೆನ್ನು ಚಾಚುತ್ತಾರೆ. ಅಷ್ಟರಲ್ಲಿ ಉಳಿದವರಿಗೆ ಕಾಫಿಯೂ ಆಗುತ್ತದೆ.

ಮನೆಯನ್ನು ಚಕ್ರದ ಮೇಲಿಟ್ಟುಕೊಂಡು ತಿರುಗುವ ಈ ಹುಚ್ಚು ಹೊಸದಲ್ಲ. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ನಿವೃತ್ತ ನೌಕಾ ವೈದ್ಯರು ‘ವಾಂಡರರ್’ ಎಂಬ ಮನೆಬಂಡಿಯೊಂದನ್ನು ಮಾಡಿಸಿ, ಎರಡು ಕುದುರೆ ಹೂಡಿ, ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್ಸಿನವರೆಗೆ ಹೋದರು. ವಿನೋದಕ್ಕಾಗಿಯೇ ಕಟ್ಟಿದ ಇಂಥ ಬಂಡಿಗಳಲ್ಲಿ ಅದೇ ಮೊದಲಿನದೆಂದು ಹೇಳುತ್ತಾರೆ. ಇರಬಹುದು. ಕಮಾನು ಕಟ್ಟಿದ ಎತ್ತಿನ ಗಾಡಿಯಲ್ಲಿ ಹುಲ್ಲಿನ ಮೆತ್ತೆ ಹಾಸಿ, ಅಕ್ಕಿ ಬೇಳೆ ಕಟ್ಟಿಕೊಂಡು, ಮೂರು ದಿನದ ಹಾದಿ ಸವೆಸಿ ಜಾತ್ರೆಗೆ ಹೋಗುತ್ತಿದ್ದ ನಮ್ಮ ಅಜ್ಜಂದಿರು ಇದನ್ನು ಕೇಳಿದ್ದರೆ ನಕ್ಕಾರು. ಆ ಅಜ್ಜಂದಿರು ಹೊರಡುವ ಮುನ್ನ ಏನು ಮಾಡುತ್ತಿದ್ದರೆಂದು ಸ್ವಲ್ಪ ನೆನೆಯಿರಿ. ಕಮಾನಿಗೆ ಚಾಪೆ ಹೊದಿಸುವ ಮೊದಲು ಚಕ್ರ ಕಳಚಿ, ಅಚ್ಚಿಗೆ ಕೀಲೆಣ್ಣೆ ಬಳಿದು, ಕಡಾಣಿ ಭದ್ರವಾಗಿದೆಯೇ ಎಂದು ನೋಡುತ್ತಿದ್ದರು. ಅಲಂಕಾರ ಆಮೇಲೆ.

ಈ ಕ್ರಮವನ್ನು ತಲೆಕೆಳಗು ಮಾಡಿ ನಾನೊಮ್ಮೆ ಪಾಠ ಕಲಿತೆ. ಹಲವು ವರ್ಷಗಳ ಹಿಂದಿನ ಮಾತು. ಇಂಥದೇ ಒಂದು ಟ್ರೇಲರು ನನ್ನದೂ ಇತ್ತು. ಮಳೆಗಾಲ ಮುಗಿಯಿತು, ಮಕ್ಕಳಿಗೆ ದಸರೆಯ ರಜೆ ಬಂತು. ತೊಳೆದೆ, ಬಣ್ಣ ಬಳಿದೆ, ನನ್ನಾಕೆ ಕಿಟಕಿಗೆ ಹೊಸ ಪರದೆ ಹೊಲಿದಳು. ಆಯುಧಪೂಜೆಯ ದಿನ ವಿಭೂತಿ ಪಟ್ಟೆ, ಸೇವಂತಿಗೆ ಹಾರ, ಚಕ್ರದಡಿ ನಿಂಬೆಹಣ್ಣು, ಬೂದುಗುಂಬಳ ಯಾವುದಕ್ಕೂ ಕೊರತೆ ಮಾಡಲಿಲ್ಲ. ಮರುದಿನ ಸಂಪಾಜೆಯ ಇಳಿಜಾರಿನಲ್ಲಿ ಸಾಗುತ್ತಿರುವಾಗ, ಬಲಗಡೆಯಿಂದ ಒಂಟಿ ಚಕ್ರವೊಂದು ನಮ್ಮ ಗಾಡಿಯನ್ನು ಹಿಂದೆ ಹಾಕಿ ಮುಂದೆ ಉರುಳಿಹೋಯಿತು. ‘ಅಯ್ಯೋ, ಯಾರ ಚಕ್ರವೋ ಪಾಪ’ ಎಂದೆ. ಹಾಗೆ ಹೇಳಿ ಬಾಯಿ ಮುಚ್ಚುವುದರೊಳಗೆ ಹಿಂದಿನಿಂದ ಕಬ್ಬಿಣ ರಸ್ತೆಯನ್ನು ಉಳುವ ಸದ್ದು ಕೇಳಿತು. ಚಕ್ರ ನೇರವಾಗಿ ಹೋಗಿ ತಿರುವಿನಲ್ಲಿ ಕಣಿವೆಗೆ ಹಾರಿತು. ಅರ್ಧ ನಿಮಿಷದ ಮೇಲೆ ಅದೇ ತಿರುವಿನಿಂದ ಮಂದಿ ತುಂಬಿದ ಬಸ್ಸೊಂದು ಮೇಲೇರಿ ಬಂತು. ಆ ಅರ್ಧ ನಿಮಿಷವನ್ನು ನೆನೆದರೆ ಇಂದಿಗೂ ನನ್ನ ಅಂಗೈ ಬೆವರುತ್ತದೆ. ತಪ್ಪು ಬೇರೆ ಯಾರದೂ ಅಲ್ಲ. ನಾಲ್ಕು ತಿಂಗಳು ನೀರಿನಲ್ಲಿ ನಿಂತಿದ್ದ ಚಕ್ರದ ಗುಂಬದೊಳಗೆ ನಾನು ಇಣುಕಿ ಕೂಡ ನೋಡಿರಲಿಲ್ಲ.

ಆದುದರಿಂದ ಮಿತ್ರರು, ‘ತುಲಾ ಸಂಕ್ರಮಣಕ್ಕೆ ಹೊರಡುವವರಿದ್ದೇವೆ, ಟ್ರೇಲರು ಎಬ್ಬಿಸಬೇಕು, ಬಾ’ ಎಂದು ಕರೆದಾಗ ಎರಡನೆಯ ಮಾತಿಲ್ಲದೆ ಹೊರಟೆ. ಸಂಕ್ರಮಣಕ್ಕೆ ಇನ್ನು ಆರು ದಿನವಿತ್ತು.

ನಾವು ಸಾಮಾನ್ಯವಾಗಿ ಭಾವಿಸುವುದೇನೆಂದರೆ, ಓಡಿದ ಗಾಡಿ ಸವೆಯುತ್ತದೆ, ನಿಂತ ಗಾಡಿ ಉಳಿಯುತ್ತದೆ. ಮೇಸ್ತ್ರಿಯ ಮತ ಬೇರೆ. ‘ಓಡಿದ್ದು ಕಾಣುವ ಕಡೆ ಕೆಡುತ್ತೆ ಸಾರ್, ನಿಂತದ್ದು ಕಾಣದ ಕಡೆ ಕೆಡುತ್ತೆ’ ಎಂದರು. ಹಿಮ ಬೀಳುವ ದೇಶಗಳಲ್ಲಿ ಇಂಥ ಗಾಡಿಗಳನ್ನು ಚಳಿಗಾಲಕ್ಕೆ ಮುಚ್ಚಿಟ್ಟು ವಸಂತದಲ್ಲಿ ತೆರೆಯುತ್ತಾರೆ. ನೀರು ಮಂಜುಗಡ್ಡೆಯಾಗುವಾಗ ನೂರಕ್ಕೆ ಒಂಬತ್ತು ಪಾಲಿನಷ್ಟು ಹಿಗ್ಗುತ್ತದೆ; ಕೊಳವೆಯಲ್ಲಿ ತುಸು ನೀರು ಉಳಿದಿದ್ದರೂ ಸಾಕು, ಕೊಳವೆ ಸೀಳುತ್ತದೆ. ಅಲ್ಲಿಯವರ ದೊಡ್ಡ ಚಿಂತೆ ಅದು. ನಮ್ಮಲ್ಲಿ ಹೆಪ್ಪುಗಟ್ಟುವ ಭಯವಿಲ್ಲ. ಅದರ ಬದಲು ತುಕ್ಕು, ಬೂಷ್ಟು, ಇಲಿ, ಗೆದ್ದಲು, ಕಡಜ.

ಕೊಡಗಿನವರಿಗೆ ಈ ವಿವೇಕ ಹಳೆಯದು. ಕಕ್ಕಡ ಮಾಸದಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಮಳೆಯೂ ಗದ್ದೆಯ ಕೆಲಸವೂ ಬಿಡುವಿಲ್ಲದೆ ಇರುವಾಗ, ಕೋವಿಯನ್ನು ಒಳಗಿಟ್ಟುಬಿಡುತ್ತಿದ್ದರು. ನಾಟಿ ಮುಗಿದು ಸೆಪ್ಟೆಂಬರ್ ಮೊದಲಲ್ಲಿ ಕೈಲ್ ಮುಹೂರ್ತ ಬಂದಾಗ ಅವನ್ನು ಹೊರತೆಗೆದು ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುವುದು ಸಂಪ್ರದಾಯ. ಮಿತ್ರರ ಮನೆಯಲ್ಲಿ ಹೂ ಏರಿಸುವ ಮೊದಲು ನಳಿಗೆಯನ್ನು ಉಜ್ಜಿ ಎಣ್ಣೆ ಹಾಕುವುದು ತಪ್ಪದು. ನಮ್ಮ ಪಟ್ಟಣದ ಆಯುಧಪೂಜೆಯಲ್ಲಿ ಹಾರ ಉಳಿದಿದೆ, ಎಣ್ಣೆ ಮರೆತುಹೋಗಿದೆ ಎಂದು ನನಗೆ ಅನ್ನಿಸುವುದುಂಟು. ನಾನೇ ಅಪರಾಧಿಯಾದುದರಿಂದ ಹೆಚ್ಚು ಹೇಳಲಾರೆ.

ಟಾರ್ಪಾಲು ಎತ್ತಿದೊಡನೆ ಮೊದಲು ಬಂದುದು ವಾಸನೆ. ಬಾಗಿಲು ತೆರೆದರೆ ಬೂರುಗದ ಹತ್ತಿಯ ಹಾಸಿಗೆಯ ಒಂದು ಮೂಲೆಯಲ್ಲಿ ಇಲಿಯ ಸಂಸಾರ. ಚರ್ಮದ ಪಟ್ಟಿಗಳ ಮೇಲೆ ಹಸುರು ಬೂಷ್ಟು. ಒಲೆಯ ಬರ್ನರಿನ ಬಾಯಲ್ಲಿ ಕಡಜವೊಂದು ಮಣ್ಣಿನಿಂದ ಅಚ್ಚುಕಟ್ಟಾದ ಗೂಡು ಕಟ್ಟಿತ್ತು. ನೀರಿನ ಪೀಪಾಯಿಯ ವಿಷಯ ಬೇಡ. ಖಾಲಿ ಮಾಡಿಟ್ಟಿದ್ದೇನೆ ಎಂದು ಮಿತ್ರರು ಆಣೆಯಿಟ್ಟರು, ಅದರೊಳಗಿನ ಪಾಚಿ ಬೇರೆಯೇ ಹೇಳಿತು. ಮನೆಯ ಹೆಂಗಸರು ಇವೆಲ್ಲವನ್ನೂ ತಮ್ಮ ವಶಕ್ಕೆ ತೆಗೆದುಕೊಂಡರು. ಹಾಸಿಗೆ ಬಿಸಿಲಿಗೆ ಹೋಯಿತು, ಹಲಗೆಗಳಿಗೆ ಬಿಸಿನೀರು ಬಿತ್ತು, ಪೀಪಾಯಿಯನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆದು ಎರಡು ಸಲ ಜಾಲಿಸಿ ಬೋರಲು ಹಾಕಿದರು. ಮೇಸ್ತ್ರಿ ಮಾತ್ರ ಅತ್ತ ಕಣ್ಣೆತ್ತಿಯೂ ನೋಡಲಿಲ್ಲ. ಅವರು ದಬ್ಬಳವೊಂದನ್ನು ಹಿಡಿದು ಗಾಡಿಯ ಕೆಳಗೆ ನುಸುಳಿ, ನೆಲದ ಹಲಗೆಗಳನ್ನು ಗೇಣು ಗೇಣಿಗೆ ತಿವಿಯುತ್ತ ಹೋದರು. ಗಟ್ಟಿ ಮರ ದಬ್ಬಳವನ್ನು ತಡೆಯುತ್ತದೆ. ಕೊಳೆತದ್ದು ಒಳಗೆ ಬಿಟ್ಟುಕೊಳ್ಳುತ್ತದೆ. ಹಿಂದಿನ ಎಡಮೂಲೆಯಲ್ಲಿ ದಬ್ಬಳ ಬೆಣ್ಣೆಗೆ ಇಳಿದಂತೆ ಇಳಿಯಿತು. ಮೇಲಿನ ಕಿಟಕಿಯ ಸಂದಿನಿಂದ ಜಿನುಗಿದ ನೀರು ಗೋಡೆಯ ಒಳಗಿನಿಂದ ಇಳಿದು ಅಲ್ಲಿ ನಿಂತಿತ್ತು. ಒಂದು ಹಲಗೆ ಬದಲಾಯಿತು.

ಟೈರುಗಳ ವಿಷಯದಲ್ಲಿ ನಾನು ಸ್ವಲ್ಪ ಪಂಡಿತನೆಂದು ತೋರಿಸಿಕೊಂಡೆ. ಓದುಗರೂ ತಮ್ಮ ತಮ್ಮ ಕಾರಿನ ಬಳಿ ಹೋಗಿ ನೋಡಬಹುದು. ಟೈರಿನ ಪಕ್ಕದಲ್ಲಿ ಸಣ್ಣದೊಂದು ಅಂಡಾಕೃತಿಯ ಚೌಕಟ್ಟಿನೊಳಗೆ ನಾಲ್ಕು ಅಂಕೆಗಳಿರುತ್ತವೆ. 3518 ಎಂದಿದ್ದರೆ 2018ನೆಯ ಇಸವಿಯ 35ನೆಯ ವಾರದಲ್ಲಿ ಮಾಡಿದ್ದೆಂದು ಅರ್ಥ. ರಬ್ಬರು ಓಡದಿದ್ದರೂ ಮುದಿಯಾಗುತ್ತದೆ. ಪಟ್ಟೆ ಚೆನ್ನಾಗಿಯೇ ಉಳಿದಿರುತ್ತದೆ, ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ. ಭಾರ ಹೇರಿ, ಬಿಸಿಲಿನಲ್ಲಿ ಓಡಿಸಿದ ದಿನ ಸಿಡಿಯುತ್ತದೆ. ಐದಾರು ವರ್ಷ ಕಳೆದ ಮೇಲೆ ಪ್ರತಿವರ್ಷ ಪರೀಕ್ಷೆ ಮಾಡಿಸಬೇಕು. ಹತ್ತಾದ ಮೇಲೆ ಪಟ್ಟೆ ಎಷ್ಟೇ ಚೆನ್ನಾಗಿರಲಿ, ಬದಲಾಯಿಸುವುದೇ ಕ್ಷೇಮ. ಕುಳಿತಲ್ಲೇ ಗಾಳಿಯೂ ತಿಂಗಳಿಗೆ ಒಂದೆರಡು ಪೌಂಡು ಇಳಿಯುತ್ತದೆ. ಹಾಗೆ ಕುಗ್ಗಿದ ಟೈರಿನ ಮೇಲೆ ಗಾಡಿಯ ಭಾರ ಒಂದೇ ಕಡೆ ಕೂತರೆ ಅಲ್ಲಿ ಚಪ್ಪಟೆಯಾಗುತ್ತದೆ. ಅದಕ್ಕೆಂದೇ ಬಲ್ಲವರು ಅಚ್ಚಿನ ಕೆಳಗೆ ಮರದ ದಿಮ್ಮಿ ಕೊಟ್ಟು ಚಕ್ರವನ್ನು ನೆಲದಿಂದ ಎತ್ತಿಡುತ್ತಾರೆ. ಮಿತ್ರರು ದಿಮ್ಮಿ ಕೊಟ್ಟಿದ್ದರು. ಟೈರು ಎರಡೂ ಪಾಸಾದವು. ಸ್ಟೆಪ್ನಿ ಮಾತ್ರ ಹದಿಮೂರು ವರ್ಷದ ಹಿರಿಯ! ಎಲ್ಲರೂ ಮರೆಯುವುದು ಅದನ್ನೇ.

ಮಿತ್ರರು ಮಾಡಿದ ಒಂದು ತಪ್ಪನ್ನೂ ಹೇಳಬೇಕು. ಟ್ರೇಲರು ಉರುಳದಿರಲಿ ಎಂದು ಅದರ ಕೈಬ್ರೇಕನ್ನು ಎಳೆದಿಟ್ಟಿದ್ದರು. ಮಳೆಗಾಲದ ತೇವದಲ್ಲಿ ಬ್ರೇಕಿನ ಷೂಗಳು ಡ್ರಮ್ಮಿಗೆ ಕಚ್ಚಿ ಕೂತುಬಿಟ್ಟಿದ್ದವು. ಬಿಡಿಸಲು ಅರ್ಧ ದಿನ ಹಿಡಿಯಿತು. ಬಹುದಿನ ನಿಲ್ಲಿಸುವಾಗ ಬ್ರೇಕು ಸಡಿಲಿಸಿ, ಚಕ್ರದ ಹಿಂದೆ ಮುಂದೆ ಕಲ್ಲು ಕೊಡುವುದೇ ಸರಿ. ಕಾರಿಗೂ ಇದೇ ಮಾತು ಸಲ್ಲುತ್ತದೆ.

ಎರಡನೆಯ ದಿನ ಮಧ್ಯಾಹ್ನ ಚಕ್ರದ ಸರದಿ ಬಂತು. ಜಾಕಿ ಕೊಟ್ಟು ಎತ್ತಿದ ಚಕ್ರವನ್ನು ಮೇಸ್ತ್ರಿ ಕೈಯಿಂದ ತಿರುಗಿಸಿ, ಕಿವಿಯನ್ನು ಹತ್ತಿರ ತಂದು ಆಲಿಸಿದರು. ಬಲಚಕ್ರ ಮೌನವಾಗಿ ತಿರುಗಿತು. ಎಡಚಕ್ರ ತಿರುಗುವಾಗ ದೂರದಲ್ಲಿ ಯಾರೋ ಒರಳು ತಿರುವಿದಂಥ ಸದ್ದು. ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದರೆ ಸೂಕ್ಷ್ಮವಾದ ಕಟಕಟ. ಮುಚ್ಚಳ ಬಿಚ್ಚಿ, ಪಿನ್ನು ಕಿತ್ತು, ನಟ್ಟು ಕಳಚಿ ಗುಂಬವನ್ನು ಎಳೆದಾಗ ಒಳಗಿನ ಗ್ರೀಸು ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು. ನೀರು ಸೇರಿದುದರ ಗುರುತು ಅದು. ಹಿಂಬದಿಯ ಆಯಿಲ್ ಸೀಲು ಗಟ್ಟಿಯಾಗಿ ಬಿರಿದಿತ್ತು. ಸೀಮೆಎಣ್ಣೆಯಲ್ಲಿ ತೊಳೆದ ಬೇರಿಂಗನ್ನು ಮೇಸ್ತ್ರಿ ಬೆಳಕಿಗೆ ಹಿಡಿದು ನನ್ನನ್ನು ಕರೆದರು. ಬೇರಿಂಗಿನ ಉರುಳೆಗಳು ಓಡುವ ಬಳೆಯ ಮೇಲೆ ಬಾಚಣಿಗೆಯ ಹಲ್ಲಿನಂತೆ ಸಮ ಸಮ ಅಂತರದಲ್ಲಿ ಕಪ್ಪು ಗೆರೆಗಳು. ನಾಲ್ಕು ತಿಂಗಳು ಒಂದೇ ಕಡೆ ನಿಂತ ಉರುಳೆಯೊಂದೊಂದೂ ತಾನು ಕೂತ ಜಾಗದಲ್ಲಿ ತೇವ ಹಿಡಿದಿಟ್ಟು ತುಕ್ಕಿನಿಂದ ತನ್ನ ಗುರುತು ಬರೆದಿತ್ತು. ಉಗುರಿನಿಂದ ಎಳೆದರೆ ಗೆರೆ ಕೈಗೆ ಹತ್ತುತ್ತಿತ್ತು. ಸಂಪಾಜೆಯಲ್ಲಿ ಕಣಿವೆಗೆ ಹಾರಿದ ನನ್ನ ಚಕ್ರದೊಳಗೆ ಏನಿತ್ತೆಂಬುದನ್ನು ಅಂದು ಮೊದಲ ಬಾರಿ ಕಣ್ಣಾರೆ ಕಂಡೆ.

‘ಬೇರಿಂಗು, ಸೀಲು ಎರಡೂ ಹೊಸದು ಬೇಕು ಸಾಹುಕಾರ್ರೆ’ ಎಂದರು ಮೇಸ್ತ್ರಿ.

ಮಿತ್ರರು ಫೋನು ಹಿಡಿದು ಕೂತರು. ಹಳೆಯ ಅಳತೆ; ನಾಪೋಕ್ಲಿನಲ್ಲಿ ಇಲ್ಲ, ವಿರಾಜಪೇಟೆಯಲ್ಲಿ ಇಲ್ಲ, ಮಡಿಕೇರಿಯಲ್ಲಿಯೂ ಇಲ್ಲ. ಮೈಸೂರಿನ ಅಂಗಡಿಯವನೊಬ್ಬ ತರಿಸಿಕೊಡುತ್ತೇನೆಂದ. ಆದರೆ ಕೈಗೆ ಬರುವಷ್ಟರಲ್ಲಿ ಸಂಕ್ರಮಣ ಕಳೆದಿರುತ್ತದೆ. ಮಿತ್ರರ ಮಗನಿಗೆ ಇದು ಹಿಡಿಸಲಿಲ್ಲ. ಬೆಂಗಳೂರಿನಿಂದ ರಜೆ ಹಾಕಿ ಬಂದ ಹುಡುಗ. ‘ಚೆನ್ನಾಗಿ ಗ್ರೀಸು ತುಂಬಿ ಹೋಗಿಬಿಡೋಣ ಅಪ್ಪ. ದೂರವೆಷ್ಟು ಮಹಾ! ಮೆಲ್ಲಗೆ ಓಡಿಸಿದರಾಯಿತು. ಬಂದ ಮೇಲೆ ಬದಲಾಯಿಸೋಣ’ ಎಂದ. ಮಿತ್ರರು ನನ್ನ ಮುಖ ನೋಡಿದರು. ಟ್ರೇಲರನ್ನು ಬಿಟ್ಟು ಹೋದರೆ ಅವ್ವನಿಗೆ ದಾರಿಯಲ್ಲಿ ಮಲಗಲು ನೆಲೆಯಿಲ್ಲ. ಸಂಕ್ರಮಣದ ದಿನ ಭಾಗಮಂಡಲದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಟ್ರೇಲರನ್ನು ಒಯ್ದರೆ ಈ ಬೇರಿಂಗು. ಹುಡುಗನ ಮಾತಿನಲ್ಲಿ ಅರ್ಥವಿಲ್ಲವೆಂದಲ್ಲ. ಅಷ್ಟು ದೂರ ಅದು ಓಡಿದರೂ ಓಡಬಹುದು. ನನ್ನದೂ ಸಂಪಾಜೆಯವರೆಗೆ ಓಡಿತ್ತು.

ನಾನು ಏನೋ ಹೇಳಬೇಕೆನ್ನುವಷ್ಟರಲ್ಲಿ ಜಗಲಿಯ ಮೇಲಿನಿಂದ ಅವ್ವ ಕೇಳಿದರು: ‘ಏನಂತೆ ಅದು?’

ಮಿತ್ರರು ವಿವರಿಸಿದರು. ಅವ್ವ ಬೇರಿಂಗನ್ನು ಕೇಳಿ ತರಿಸಿಕೊಂಡು, ಕನ್ನಡಕ ಏರಿಸಿ, ಬೆರಳಿನಿಂದ ಸವರಿ ನೋಡಿದರು. ‘ಇದು ಸವೆದ ಹಲ್ಲಿನ ಹಾಗಿದೆ’ ಎಂದರು. ಅನಂತರ ಮೊಮ್ಮಗನ ಕಡೆ ತಿರುಗಿ, ‘ಕಾವೇರಮ್ಮ ಒಂದೇ ದಿನ ಬಂದು ಓಡಿಹೋಗುವವಳಲ್ಲ ಮಗ. ತುಲಾ ಮಾಸ ಪೂರ್ತಿ ಇರುತ್ತಾಳೆ. ಅವಳನ್ನು ನೋಡೋದಕ್ಕೆ ಹೋಗ್ತಾ ದಾರೀಲಿ ಯಾರ ಮನೆ ಮಗುವಿನ ಮೇಲಾದರೂ ಚಕ್ರ ಬಿಟ್ಟರೆ ಅವಳ ಮುಖ ಹೇಗೆ ನೋಡಲಿ?’ ಎಂದು ಬೇರಿಂಗನ್ನು ಕೈಗಿತ್ತು ಸೆರಗಿನಲ್ಲಿ ಬೆರಳು ಒರಸಿಕೊಂಡರು.

ಅಲ್ಲಿಗೆ ಚರ್ಚೆ ಮುಗಿಯಿತು. ಸಂಕ್ರಮಣದ ದಿನ ಅವ್ವ ಮನೆಯಲ್ಲಿಯೇ ಪೂಜೆ ಮಾಡಿ, ಎಲ್ಲರಿಗೂ ದೋಸೆಯನ್ನೂ ಕುಂಬಳಕಾಯಿಯ ಪಲ್ಯವನ್ನೂ ಬಡಿಸಿದರಂತೆ. ಹುಡುಗ ಮುಖ ಊದಿಸಿಕೊಂಡೇ ಬೆಂಗಳೂರಿಗೆ ಹೋದ.

ಬೇರಿಂಗಿಗೆ ಕಾಯುವ ಆರಂಭದಲ್ಲಿ ನಾನು ಅಲ್ಲಿಯೇ ಇದ್ದ ಒಂದು ದಿನ ಉಳಿದ ಕೆಲಸಗಳು ಸಾಗಿದವು. ಜೀಪಿಗೂ ಟ್ರೇಲರಿಗೂ ಗಂಟು ಹಾಕುವ ಕೊಕ್ಕೆ, ಬಳೆ ಸವೆದಿವೆಯೇ ಎಂದು ನೋಡಿದೆವು. ಅವು ಕಳಚಿದರೂ ಹಿಡಿದುಕೊಳ್ಳಲೆಂದು ಎರಡು ಸರಪಣಿಗಳಿರುತ್ತವೆ. ಅವನ್ನು ನೇರವಾಗಿ ಕಟ್ಟದೆ, ಒಂದರ ಮೇಲೊಂದು ಕತ್ತರಿಯಾಗಿ ಹಾಯಿಸಿ ಕಟ್ಟಬೇಕು. ಟ್ರೇಲರಿನ ಮೂತಿ ಕಳಚಿ ಬಿದ್ದರೆ ನೆಲಕ್ಕೆ ಚುಚ್ಚದೆ ಆ ತೊಟ್ಟಿಲಿನಲ್ಲಿ ಕೂರುತ್ತದೆ. ಹಿಂಬದಿಯ ದೀಪಗಳಲ್ಲಿ ಒಂದು ಉರಿಯಲಿಲ್ಲ. ಇನ್ನೊಂದು, ಎಡಕ್ಕೆ ಸನ್ನೆ ಕೊಟ್ಟರೆ ಬ್ರೇಕಿನ ದೀಪವನ್ನು ಮಿಣುಗಿಸುತ್ತಿತ್ತು. ನಾನು ತಂತಿಗಳನ್ನೆಲ್ಲ ಬದಲಾಯಿಸಬೇಕೇನೋ ಎಂದುಕೊಂಡೆ. ಮೇಸ್ತ್ರಿ ಚಾಸಿಗೆ ಅರ್ತು ಕೊಟ್ಟಿದ್ದ ಒಂದೇ ಒಂದು ಸ್ಕ್ರೂ ಬಿಚ್ಚಿ, ಅದರಡಿಯ ಹಸುರು ಕಿಲುಬನ್ನು ಉಪ್ಪುಕಾಗದದಿಂದ ಉಜ್ಜಿ ಮತ್ತೆ ಬಿಗಿದರು. ಎರಡೂ ಸರಿಹೋದವು.

ಟ್ರೇಲರಿಗೆ ಓಡುವಾಗ ಹಿಡಿಯುವ ಬ್ರೇಕು ಇಲ್ಲವಾದುದರಿಂದ ಎರಡರ ಭಾರವನ್ನೂ ಜೀಪೇ ತಡೆಯಬೇಕು. ಬ್ರೇಕಿನ ಎಣ್ಣೆಯ ಬಗೆಗೆ ಇಲ್ಲಿ ಒಂದು ಮಾತು. ಉಪ್ಪಿನಂತೆ ಅದಕ್ಕೂ ಗಾಳಿಯ ತೇವವನ್ನು ಹೀರುವ ಗುಣವಿದೆ. ಡಾಟ್ 3 ಎಂಬ ದರ್ಜೆಯ ಹೊಸ ಎಣ್ಣೆ ಕುದಿಯುವುದಕ್ಕೆ ಕನಿಷ್ಠ 205 ಡಿಗ್ರಿ ಶಾಖ ಬೇಕು. ತೇವ ಕುಡಿದ ಮೇಲೆ ಅದು 140ಕ್ಕೆ ಇಳಿಯಬಹುದು. ಘಟ್ಟ ಇಳಿಯುವಾಗ ಬ್ರೇಕು ಒತ್ತಿಯೇ ಇದ್ದರೆ ಅಷ್ಟು ಶಾಖ ಹುಟ್ಟುವುದು ಕಷ್ಟವಲ್ಲ. ಎಣ್ಣೆ ಕುದಿದು ಆವಿಯಾದರೆ, ಒತ್ತಿದ ಪೆಡಲು ಸ್ಪಂಜಿನಂತೆ ಕೆಳಗಿಳಿಯುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಾಯಿಸುವುದೂ, ಏರಿದ ಗೇರಿನಲ್ಲಿಯೇ ಇಳಿಯುವುದೂ ಇದಕ್ಕೆ ಮದ್ದು. ಘಟ್ಟದ ಚಾಲಕರು ಎರಡನೆಯದನ್ನು ಹೇಳಿಕೊಡದೆಯೇ ಬಲ್ಲರು; ಬಯಲುಸೀಮೆಯಿಂದ ರಜೆಗೆ ಬರುವವರು ಅರಿಯರು.

ಒಲೆಯ ವಿಚಾರ ಗೃಹಿಣಿಯರಿಗೆ ನಾನು ಹೇಳಬೇಕಾದುದಿಲ್ಲ. ರಬ್ಬರು ಕೊಳವೆಗೆ ಐದು ವರ್ಷವೇ ಆಯುಸ್ಸು; ಇಲಿ ಕಡಿದಿದ್ದರೆ ಅದೂ ಇಲ್ಲ. ಸಿಲಿಂಡರಿನ ಕೊರಳಿನ ಪಟ್ಟಿಯ ಮೇಲೆ ಎ, ಬಿ, ಸಿ, ಡಿ ಎಂಬ ಅಕ್ಷರಗಳಲ್ಲಿ ಒಂದೂ ಇಸವಿಯ ಎರಡು ಅಂಕೆಯೂ ಇರುತ್ತವೆ. ಎ ಎಂದರೆ ವರ್ಷದ ಮೊದಲ ಮೂರು ತಿಂಗಳು, ಡಿ ಎಂದರೆ ಕೊನೆಯ ಮೂರು. ಆ ಅವಧಿಗೆ ಮರುಪರೀಕ್ಷೆ ಆಗಬೇಕೆಂದು ಅರ್ಥ. ಅವಧಿ ಮೀರಿದ್ದನ್ನು ಹಿಂದಿರುಗಿಸಬೇಕು. ಜೋಡಿಸಿದ ಮೇಲೆ ಕೀಲುಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡುವುದು. ಈ ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೆಲದಲ್ಲಿ ತಂಗುತ್ತದೆ. ಕಿಟಕಿ ತೆರೆದರೆ ಸಾಲದು, ಗಾಡಿಯ ನೆಲದಲ್ಲಿ ಒಂದು ರಂಧ್ರವಿರಬೇಕು. ಮಿತ್ರರ ಗಾಡಿಯಲ್ಲಿ ಆ ರಂಧ್ರವನ್ನು ಯಾರೋ ಇರುವೆಗೆ ಹೆದರಿ ಬಟ್ಟೆ ತುರುಕಿ ಮುಚ್ಚಿದ್ದರು.

ಕಾಗದಪತ್ರಗಳಲ್ಲಿ ಒಂದನ್ನು ಮಾತ್ರ ಹೇಳಿ ಮುಂದುವರಿಯುತ್ತೇನೆ: ಟ್ರೇಲರು ಜೀಪಿನ ಬಾಲವಲ್ಲ, ಕಾನೂನಿನ ಕಣ್ಣಿಗೆ ಅದೇ ಒಂದು ವಾಹನ. ಅದಕ್ಕೆ ತನ್ನದೇ ನೋಂದಣಿ ಬೇಕು.

ನವೆಂಬರ್ ಮೊದಲ ವಾರ ಮಿತ್ರರು ಮತ್ತೆ ಕರೆದರು, ಹೋದೆ. ಹೊಸ ಬೇರಿಂಗು ಬಂದಿತ್ತು. ಅದರ ಉರುಳೆಗಳ ಸಂದುಸಂದಿಗೂ ಮೇಸ್ತ್ರಿ ಅಂಗೈಯಿಂದ ಗ್ರೀಸು ಒತ್ತಿ ಒತ್ತಿ ತುಂಬಿಸಿದರು. ನಟ್ಟು ಬಿಗಿಯುವ ರೀತಿ ನೋಡತಕ್ಕದ್ದು. ಚಕ್ರವನ್ನು ತಿರುಗಿಸುತ್ತಲೇ ಬಿಗಿದು, ಬೇರಿಂಗು ನೆಲೆಗೆ ಕೂತ ಮೇಲೆ ಮತ್ತೆ ಸಡಿಲಿಸಿ, ಬರಿಯ ಬೆರಳಿನಿಂದ ಎಷ್ಟು ಬಿಗಿಯಾಗುವುದೋ ಅಷ್ಟಕ್ಕೆ ನಿಲ್ಲಿಸಿ, ಹೊಸ ಪಿನ್ನು ಹಾಕಿದರು. ಬಿಗಿ ಹೆಚ್ಚಾದರೆ ಸುಡುತ್ತದೆ, ಕಡಿಮೆಯಾದರೆ ನಡುಗುತ್ತದೆ. ಚಕ್ರದ ಬೋಲ್ಟುಗಳನ್ನು ಸಾಲಾಗಿ ಬಿಗಿಯದೆ ಎದುರುಬದುರಾಗಿ ಬಿಗಿದರು.

ಸಾಮಾನು ತುಂಬುವಾಗ ಮನೆಯವರಿಗೂ ಮೇಸ್ತ್ರಿಗೂ ಸಣ್ಣ ಜಗಳವೇ ಆಯಿತು. ಇವರು ಪಾತ್ರೆ, ಅಕ್ಕಿ, ನೀರು ಎಲ್ಲವನ್ನೂ ಕೈಗೆ ಸುಲಭವೆಂದು ಹಿಂಬಾಗಿಲ ಬಳಿ ಇಟ್ಟಿದ್ದರು. ಭಾರ ಹಿಂದೆ ಬಿದ್ದರೆ ಟ್ರೇಲರು ವೇಗ ಹೆಚ್ಚಿದಂತೆ ಮೀನಿನ ಬಾಲದ ಹಾಗೆ ಆಡತೊಡಗುತ್ತದೆ. ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಮುಂದಿನ ಕೊಕ್ಕೆಯ ಮೇಲೆ ಕೂರುವಂತೆ ಹೇರಬೇಕು. ಆಡತೊಡಗಿದರೆ ತಟ್ಟನೆ ಬ್ರೇಕು ಒತ್ತಬಾರದು. ಆಕ್ಸಿಲರೇಟರಿನಿಂದ ಮೆಲ್ಲಗೆ ಕಾಲು ತೆಗೆದು, ಸ್ಟಿಯರಿಂಗ್ ನೆಟ್ಟಗೆ ಹಿಡಿದಿರಬೇಕು. ಎಲ್ಲವನ್ನೂ ಇಳಿಸಿ ಮತ್ತೆ ತುಂಬಿದ್ದಾಯಿತು. ಅವ್ವ ಮಾತ್ರ ಅಷ್ಟು ಹೊತ್ತಿಗೆ ಜೀಪಿನಲ್ಲಿ ಕೂತು, ಹೂವಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಸಿದ್ಧರಾಗಿದ್ದರು.

ಹತ್ತು ಹನ್ನೆರಡು ಕಿಲೋಮೀಟರು ಸಾಗಿದ ಮೇಲೆ ಗದ್ದೆಬಯಲಿನ ಅಂಚಿನಲ್ಲಿ ಮಿತ್ರರು ಗಾಡಿ ನಿಲ್ಲಿಸಿದರು. ಮೇಸ್ತ್ರಿಯ ಕಟ್ಟಪ್ಪಣೆ ಅದು. ಇಳಿದು ಚಕ್ರದ ಗುಂಬದ ಮೇಲೆ ಕೈಯಿಟ್ಟು ನೋಡಬೇಕು. ಬೆಚ್ಚಗಿದ್ದರೆ ಸರಿ, ಕೈ ಇಡಲಾರದಷ್ಟು ಸುಟ್ಟರೆ ಅಲ್ಲಿಂದ ಮುಂದೆ ಹೋಗಕೂಡದು. ಬಲಗಡೆಯದನ್ನು ಮಿತ್ರರು ಮುಟ್ಟಿದರು. ಎಡಗಡೆಯದನ್ನು ಮುಟ್ಟಲು ನಾನು ಬಾಗುವಷ್ಟರಲ್ಲಿ ಅವ್ವ ಜೀಪಿನಿಂದ ಇಳಿದು ಬಂದಿದ್ದರು. ಒಂದು ಕೈಯಲ್ಲಿ ಮಗನ ಭುಜ ಹಿಡಿದು, ಮತ್ತೊಂದನ್ನು ಗುಂಬದ ಮೇಲಿಟ್ಟು, ಜ್ವರ ನೋಡುವವರಂತೆ ಸ್ವಲ್ಪ ಹೊತ್ತು ಹಾಗೆಯೇ ನಿಂತರು.

‘ಏನಿಲ್ಲ, ನಡಿ’ ಎಂದರು.

ಭಾಗಮಂಡಲದಲ್ಲಿ ಟ್ರೇಲರನ್ನು ಬಿಟ್ಟು, ಅವ್ವ ಅದರಲ್ಲಿ ಅರ್ಧ ಗಂಟೆ ಮಲಗಿ ಎದ್ದ ಮೇಲೆ, ಉಳಿದ ಎಂಟು ಕಿಲೋಮೀಟರನ್ನು ಬರಿಯ ಜೀಪಿನಲ್ಲಿ ಏರಿದೆವು. ಸಂಕ್ರಮಣದ ಜನಸಂದಣಿ ಕರಗಿಹೋಗಿತ್ತು. ಕುಂಡಿಕೆಯ ಬಳಿ ಅವ್ವ ಎಷ್ಟು ಹೊತ್ತು ಬೇಕಾದರೂ ಕೂರಬಹುದಾಗಿತ್ತು, ಕೂತರು.